ಸಣ್ಣ ವಿಷಯಕ್ಕೆಲ್ಲಾ ತಲೆ ಕೆಡ್ತಿದೆಯಾ? ಮನೋವೈದ್ಯರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ರಾತ್ರಿ 8ರಿಂದ ನಮ್ಮ ಗುಂಪಿನ ಮನೋವೈದ್ಯೆ ಮೇಡಂ ಉತ್ತರ ಕೊಡ್ತಾರೆ. ವಿಷಯ ದಿನನಿತ್ಯದ ಟೆನ್ಶನ್, ಸಣ್ಣಪುಟ್ಟದ್ದನ್ನು ಸಣ್ಣದಾಗೇ ಇಡೋದು ಹೇಗೆ ಅಂತ. ಹೆಸರು ಬೇಡ, ಊರು ಹಾಕಿ ಸಾಕು. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಹಾಸನ: ಮೇಡಂ, ನಾನು ಬ್ಯಾಂಕಲ್ಲಿ ಕ್ಯಾಷಿಯರ್. ಬೆಳಗ್ಗೆ ಮ್ಯಾನೇಜರ್‌ಗೆ ನಮಸ್ಕಾರ ಅಂದೆ, ಅವರು ತಲೆ ಎತ್ತಲಿಲ್ಲ. ಆಗಿದ್ದು ಅಷ್ಟೇ. ರಾತ್ರಿ 1 ಗಂಟೆವರೆಗೂ ಅದೇ ತಲೆಯಲ್ಲಿ ಓಡ್ತಿತ್ತು. ಹೆಂಡತಿ ‘ಇದೂ ಒಂದು ವಿಷಯಾನಾ, ಬಿಡಿ’ ಅಂತಾಳೆ. ಬಿಡೋದು ಹೇಗೆ ಅಂತ ಮಾತ್ರ ಯಾರೂ ಹೇಳಲ್ಲ.

ಡಾಕ್ಟರ್: ಬಿಡಿ ಅಂದ ತಕ್ಷಣ ಬಿಡೋಕೆ ಯಾರಿಗೂ ಆಗಲ್ಲ ಸರ್. ಒಂದು ಹಾಳೆ ತಗೊಂಡು ಎರಡು ಸಾಲು ಬರೆಯಿರಿ. ಮೊದಲನೇದರಲ್ಲಿ ಕಣ್ಣಿಗೆ ಕಂಡಿದ್ದು ಮಾತ್ರ: ಮ್ಯಾನೇಜರ್ ತಲೆ ಎತ್ತಲಿಲ್ಲ. ಎರಡನೇದರಲ್ಲಿ ಮನಸ್ಸು ಸೇರಿಸಿದ್ದು: ನನ್ನ ಮೇಲೆ ಸಿಟ್ಟಿದೆ, ಟ್ರಾನ್ಸ್‌ಫರ್ ಮಾಡಿಸ್ತಾರೆ, ಮಕ್ಕಳ ಸ್ಕೂಲ್ ಏನಾಗುತ್ತೋ. ನಿಮ್ಮ ನಿದ್ದೆ ಕೆಡಿಸಿದ್ದು ಎರಡನೇ ಸಾಲು. ಅದಕ್ಕೆ ಸಾಕ್ಷಿ ಏನಿದೆ ಅಂತ ಅದರ ಕೆಳಗೇ ಬರೆಯಿರಿ. ದಿನಾ ಸಂಜೆ ಒಂದೇ ಹೊತ್ತಿಗೆ ಹದಿನೈದು ನಿಮಿಷ ಕೂತು ಮಾಡಿ, ಹಾಸಿಗೆಯಲ್ಲಿ ಬೇಡ. ರಾತ್ರಿ ಮತ್ತೆ ತಲೆಗೆ ಬಂದರೆ ನಾಳೆ ಸಂಜೆ ನೋಡೋಣ ಅಂತ ಮುಂದೂಡಿ. ಶುರುವಿನಲ್ಲಿ ಕಷ್ಟ, ಆಮೇಲೆ ರೂಢಿ ಆಗುತ್ತೆ.

ಮಂಡ್ಯ: ಮಾತ್ರೆ ಇಲ್ಲದೆ ಟೆನ್ಶನ್ ಕಡಿಮೆ ಮಾಡ್ಕೊಳ್ಳೋದು ಹೇಗೆ ಮೇಡಂ?

ಡಾಕ್ಟರ್: ಮೇಲೆ ಹಾಸನದವರಿಗೆ ಬರೆದಿದ್ದೇನೆ, ಓದಿ.

ತುಮಕೂರು: ನನ್ನ ಸ್ಮಾರ್ಟ್ ವಾಚ್‌ನಲ್ಲಿ ಸ್ಟ್ರೆಸ್ 78 ತೋರಿಸ್ತಿದೆ. ಅಪಾಯಾನಾ?

ದಾವಣಗೆರೆ: ನಾನು ಮೊದಲು ಹೀಗಿರಲಿಲ್ಲ ಮೇಡಂ. ನಿನ್ನೆ ಬೆಳಗ್ಗೆ ಮಗನ ಟೈ ಸಿಗಲಿಲ್ಲ, ಗ್ಯಾಸ್ ಖಾಲಿ ಆಯ್ತು. ಅದೇ ಹೊತ್ತಿಗೆ ಯಜಮಾನರು ‘ನನ್ನ ಚಾರ್ಜರ್ ಎಲ್ಲಿ’ ಅಂದ್ರು. ಕೈಯಲ್ಲಿದ್ದ ಸೌಟು ಗೋಡೆಗೆ ಎಸೆದೆ. ಸಾಂಬಾರ್ ಕಲೆ ಇನ್ನೂ ಗೋಡೆ ಮೇಲಿದೆ. ಮಗ ಹೆದರಿಕೊಂಡು ತಿಂಡಿ ತಿನ್ನದೆ ಸ್ಕೂಲಿಗೆ ಹೋದ. ಚಾರ್ಜರ್ ವಿಷಯಕ್ಕೆ ಇಷ್ಟೊಂದು ಸಿಟ್ಟು ಬರುತ್ತಾ?

ಡಾಕ್ಟರ್: ರಾತ್ರಿ ಎಷ್ಟಕ್ಕೆ ಮಲಗ್ತೀರಿ, ಎಷ್ಟಕ್ಕೆ ಏಳ್ತೀರಿ?

ದಾವಣಗೆರೆ: ಮಲಗೋದು 11:30. ನಲ್ಲಿ ನೀರು ಬರೋ ದಿನ 3:30ಕ್ಕೇ ಏಳಬೇಕು, ಡ್ರಮ್ಮು ಬಿಂದಿಗೆ ತುಂಬಿಸಬೇಕು. ಬರದ ದಿನಾನೂ ಎಚ್ಚರ ಆಗಿಬಿಡುತ್ತೆ, ನೀರು ಬಂತೇನೋ ಅಂತ.

ಡಾಕ್ಟರ್: ಹಾಗಾದರೆ ಚಾರ್ಜರ್ ಪಕ್ಕಕ್ಕಿಡಿ. ನಾಲ್ಕು ಗಂಟೆ ನಿದ್ದೆಯಲ್ಲಿ ಎದ್ದವರಿಗೆ ಸಣ್ಣದು ಯಾವುದು, ದೊಡ್ಡದು ಯಾವುದು ಅಂತ ಅಳೆಯೋ ಶಕ್ತಿಯೇ ಕುಗ್ಗಿರುತ್ತೆ. ನಿಮ್ಮ ಸ್ವಭಾವ ಕೆಟ್ಟಿಲ್ಲ. ಎಲ್ಲರೂ ನಿಮಗೆ ‘ಸಣ್ಣ ವಿಷಯ, ತಲೆ ಕೆಡಿಸ್ಕೋಬೇಡ’ ಅಂದಿರ್ತಾರೆ, ಆದರೆ ನೀರು ತುಂಬಿಸೋಕೆ ಇವತ್ತು ನಾನು ಏಳ್ತೀನಿ ಅಂತ ಒಬ್ಬರಾದರೂ ಅಂದಿದ್ದಾರಾ? ಈ ವಾರದಿಂದ ನೀರಿನ ಸರದಿ ಹಂಚಿಕೊಳ್ಳಿ. ಒಂದು ಸಲ ನೀವು, ಒಂದು ಸಲ ಯಜಮಾನರು. ಅವರ ಸರದಿಯ ರಾತ್ರಿ ನೀವು ಒಳಗಿನ ರೂಮಲ್ಲಿ ಬಾಗಿಲು ಹಾಕಿಕೊಂಡು ಮಲಗಿ. ಸಂಪು ಇದ್ದರೆ ಪೈಪು ಅದಕ್ಕೇ ಬಿಟ್ಟು ಫ್ಲೋಟ್ ವಾಲ್ವ್ ಹಾಕಿಸಿ, ತುಂಬಿದ ಮೇಲೆ ನೀರು ತಾನೇ ನಿಲ್ಲುತ್ತೆ, ಯಾರೂ ಏಳಬೇಕಾಗಿಲ್ಲ. ಹಿಮೋಗ್ಲೋಬಿನ್ ಮತ್ತು ಟಿಎಸ್‌ಎಚ್ ಒಂದು ಸಲ ನೋಡಿಸಿ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ಏರುಪೇರಾದರೂ ಸುಸ್ತು, ಸಿಡಿಮಿಡಿ ಬರುತ್ತೆ. ಮಗನ ಹತ್ತಿರ ಇವತ್ತೇ ಮಾತಾಡಿ. ತಪ್ಪು ಅವನದಲ್ಲ ಅಂತ ಅವನ ಕಿವಿಗೆ ಬೀಳಬೇಕು. ಎರಡು ವಾರ ಸರಿಯಾಗಿ ನಿದ್ದೆ ಮಾಡಿದ ಮೇಲೂ ಹೀಗೇ ಇದ್ದರೆ, ಇಲ್ಲ ಬದುಕೇ ಬೇಡ ಅನ್ನಿಸಿದರೆ, ಕಾಯಬೇಡಿ, ಬಂದು ತೋರಿಸಿ.

ತಿಪಟೂರು: ನಮ್ಮ ತಾಯಿ ಬಾವಿಯಿಂದ ನೀರು ಸೇದಿ ಎಂಟು ಮಕ್ಕಳನ್ನು ಸಾಕಿದರು. ಸ್ಟ್ರೆಸ್ ಅನ್ನೋ ಪದವೇ ಗೊತ್ತಿರಲಿಲ್ಲ. ಈಗಿನವರಿಗೆ ಎಲ್ಲಾ ಸೌಕರ್ಯ ಇದ್ದೂ ಸೌಟು ಎಸೆಯೋದು.

ಬೆಂಗಳೂರು: ನಿಮ್ಮ ತಾಯಿಗೆ ಕಷ್ಟ ಆಗಿತ್ತಾ ಅಂತ ಯಾವತ್ತಾದರೂ ಕೇಳಿದ್ರಾ ಅಂಕಲ್?

ತಿಪಟೂರು: ನಾನು ಮೂವತ್ತು ವರ್ಷ ಮೇಷ್ಟ್ರಾಗಿದ್ದವನು. ಅಂಕಲ್ ಅನ್ನಬೇಡಿ.

ಬೆಂಗಳೂರು: ಸರಿ ಮೇಷ್ಟ್ರೇ. ಪ್ರಶ್ನೆಗೆ ಉತ್ತರ?

ಡಾಕ್ಟರ್: ಮೇಷ್ಟ್ರೇ, 1981ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಲಾಜರಸ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಮಧ್ಯವಯಸ್ಕರನ್ನು ತಿಂಗಳುಗಟ್ಟಲೆ ವಿಚಾರಿಸುತ್ತಾ ಬಂದಿದ್ದರು. ಬದುಕಿನ ದೊಡ್ಡ ಘಟನೆಗಳಿಗಿಂತ ದಿನಾ ಕಾಡುವ ಸಣ್ಣ ಕಿರಿಕಿರಿಗಳೇ ಮನಸ್ಸಿನ ತೊಂದರೆಯನ್ನು ಜಾಸ್ತಿ ಮುನ್ಸೂಚಿಸಿದವು ಅಂತ ಕಂಡಿತು. ಒಂದೊಂದಾಗಿ ಸಣ್ಣದೇ. ದಿನಾ ಬಂದರೆ ಸಣ್ಣದಲ್ಲ. ಸೌಟಿನ ಮಾತು ಇಲ್ಲಿಗೆ ಬಿಡಿ, ಅವರು ಧೈರ್ಯ ಮಾಡಿ ಬರೆದಿದ್ದಾರೆ.

ಶಿರಸಿ: 9ನೇ ಕ್ಲಾಸ್ ಮಗಳು ಉಗುರು ಕಚ್ತಾಳೆ, ರಕ್ತ ಬರೋವರೆಗೂ. ಏನು ಮಾಡಲಿ?

ಮೈಸೂರು: ಫಾರ್ವರ್ಡ್ ಆಗಿ ಬಂದಿದ್ದು, ತುಂಬಾ ಉಪಯುಕ್ತ. ಟೆನ್ಶನ್, ನಿದ್ರಾಹೀನತೆಗೆ ಇಂಗ್ಲಿಷ್ ಮಾತ್ರೆ ಇವತ್ತೇ ಬಿಸಾಡಿ. ರಾತ್ರಿ ಹಾಲಿಗೆ ಒಂದು ದೊಡ್ಡ ಚಮಚ ಜಾಯಿಕಾಯಿ ಪುಡಿ ಹಾಕಿ ಕುಡಿಯಿರಿ. ಏಳೇ ದಿನದಲ್ಲಿ ಮನಸ್ಸು ಶಾಂತ. ಹತ್ತು ಜನರಿಗೆ ಕಳಿಸಿ.

ಡಾಕ್ಟರ್: ಇದನ್ನು ಈಗಲೇ ಅಳಿಸಿ. ಪಾಯಸಕ್ಕೆ ಚಿಟಿಕೆ ಜಾಯಿಕಾಯಿ ಹಾಕಿದರೆ ಏನೂ ಆಗಲ್ಲ. ದೊಡ್ಡ ಚಮಚ ತಿಂದರೆ ವಾಂತಿ, ಎದೆ ಡವಡವ, ಇಲ್ಲದ್ದು ಕಾಣೋದು ಎಲ್ಲಾ ಆಗಬಹುದು.

ಮೈಸೂರು: ನಮ್ಮ ಅಜ್ಜಿ ತೇದು ಕೊಡ್ತಿದ್ರು, ನಮಗೇನೂ ಆಗಿಲ್ಲ.

ಡಾಕ್ಟರ್: ಅಜ್ಜಿ ಕಲ್ಲಿನ ಮೇಲೆ ಎರಡು ಸುತ್ತು ತೇದಿದ್ದರು. ಚಮಚದಲ್ಲಿ ಕೊಟ್ಟಿರಲಿಲ್ಲ. ಅಳಿಸಿ.

ಹುಬ್ಬಳ್ಳಿ: ಮೇಡಂ, ನಮ್ಮ ಅಣ್ಣಂದು ಕೇಳಬೇಕಿತ್ರೀ. ಅಂಗಡಿ ಟೆನ್ಶನ್ ಅಂತ ಎಂಟು ತಿಂಗಳಿಂದ ಮೆಡಿಕಲ್ ಶಾಪಿಂದ ಅಲ್ಪ್ರಜೋಲಮ್ ತಂದು ದಿನಾ ತಗೋತಿದ್ದ. ಹಿಂಗೇ ಒಂದು ಫಾರ್ವರ್ಡ್ ಓದಿ ಮೊನ್ನೆ ಎಲ್ಲಾ ಬಿಸಾಡಿದ. ಎರಡು ರಾತ್ರಿ ನಿದ್ದಿ ಇಲ್ಲ. ಚಾ ಕಪ್ ಹಿಡಿದರೆ ಬಸಿಯೊಳಗೆ ಚೆಲ್ಲುತ್ತೆ, ಅಷ್ಟು ಕೈ ನಡುಗ್ತಾವ. ಬನಿಯನ್ ಬೆವರಿನಿಂದ ತೊಯ್ದಿರುತ್ತೆ. ಅಂಗಡಿ ಚಿಂತಿ ಜಾಸ್ತಿ ಆಗಿದೆ ಅಂತ ಮನೆಯವರು ಅಂತಾರೆ. ಅವನಿಗೆ ಹೆಂಗ ಸಮಾಧಾನ ಹೇಳಬೇಕ್ರೀ?

ಡಾಕ್ಟರ್: ಬೇರೆಯವರು ಸ್ವಲ್ಪ ನಿಲ್ಲಿ. ಹುಬ್ಬಳ್ಳಿಯವರೇ, ಇದು ಸಮಾಧಾನ ಹೇಳೋ ವಿಷಯ ಅಲ್ಲ. ಈ ರಾತ್ರಿಯೇ ಅಣ್ಣನನ್ನು ಕಿಮ್ಸ್‌ಗೆ, ಇಲ್ಲಾ ಹತ್ತಿರದ ಯಾವುದೇ ಆಸ್ಪತ್ರೆಯ ಕ್ಯಾಷುವಾಲ್ಟಿಗೆ ಕರ್ಕೊಂಡು ಹೋಗಿ. ನಾಳೆ ಬೆಳಗ್ಗೆ ನೋಡೋಣ ಅನ್ನಬೇಡಿ. ಈ ಮಾತ್ರೆ ದಿನಾ ತಿಂಗಳುಗಟ್ಟಲೆ ತಗೊಂಡರೆ ಮಿದುಳು ಅದಕ್ಕೆ ಒಗ್ಗಿಹೋಗುತ್ತೆ. ಒಮ್ಮೆಲೇ ನಿಲ್ಲಿಸಿದರೆ ನಡುಕ, ಬೆವರು, ನಿದ್ದೆ ಇಲ್ಲದಿರೋದು, ವಿಪರೀತ ಭಯ ಬರುತ್ತೆ. ಕೆಲವರಿಗೆ ಫಿಟ್ಸ್ ಬರುತ್ತೆ, ನನಗಿರೋ ಭಯ ಅದೇ. ಇದು ಮಾತ್ರೆ ನಿಲ್ಲಿಸಿದ್ದರಿಂದ ಇರಬೇಕು, ಅಂಗಡಿ ಚಿಂತೆ ಅಂತ ಕೂರಬೇಡಿ. ಡಾಕ್ಟರಿಗೆ ಮೂರು ವಿಷಯ ತಪ್ಪದೆ ಹೇಳಿ. ಮಾತ್ರೆ ಎಷ್ಟು ಎಂಜಿ, ದಿನಕ್ಕೆ ಎಷ್ಟು, ಕೊನೇದು ಯಾವಾಗ ತಗೊಂಡಿದ್ದು. ಖಾಲಿ ಸ್ಟ್ರಿಪ್ ಸಿಕ್ಕರೆ ಜೇಬಲ್ಲಿಟ್ಟುಕೊಳ್ಳಿ. ಕುಡಿಯೋ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಅವರನ್ನು ಬೈಕ್ ಓಡಿಸೋಕೂ ಹಿಂದೆ ಕೂರೋಕೂ ಬಿಡಬೇಡಿ. ಆಟೋ ಹಿಡಿಯಿರಿ, ಸಿಗದಿದ್ದರೆ 108. ದಾರಿಯಲ್ಲಿ ಫಿಟ್ಸ್ ಬಂದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ. ಕೈಗೆ ಕಬ್ಬಿಣ ಬೇಡ, ಮೂಗಿಗೆ ಈರುಳ್ಳಿ ಬೇಡ, ಬಾಯಿಗೆ ಚಮಚ ಬೇಡ. ಈ ಮಾತ್ರೆ ಬಿಡಬಹುದು, ಆದರೆ ಡಾಕ್ಟರ್ ಹೇಳಿದ ಹಾಗೆ ವಾರಗಟ್ಟಲೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಬಿಡಬೇಕು. ಡೋಸ್ ನಾನು ಇಲ್ಲಿ ಬರೆಯಲ್ಲ, ನೋಡದೆ ಹೇಳೋದು ತಪ್ಪು. ಹೊರಟ ಮೇಲೆ ಒಂದು ಮೆಸೇಜ್ ಹಾಕಿ.

ಬಳ್ಳಾರಿ: ಚೀಟಿ ಇಲ್ಲದೆ ಹೆಂಗೆ ಕೊಟ್ಟರು?

ಡಾಕ್ಟರ್: ಕೊಡೋ ಹಾಗಿಲ್ಲ. ಅದು ಶೆಡ್ಯೂಲ್ ಎಚ್1 ಔಷಧಿ, ಅಂಗಡಿಯವರು ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ಆದರೂ ಕೊಡ್ತಾರೆ.

ಮೈಸೂರು: ನೋಡಿ, ನಾನು ಹೇಳಿದ್ದೂ ಅದೇ ಅಲ್ವಾ, ಇಂಗ್ಲಿಷ್ ಮಾತ್ರೆ ಅಪಾಯ ಅಂತ.

ಬೆಂಗಳೂರು: ನಿಮ್ಮಂಥ ಫಾರ್ವರ್ಡ್ ಓದಿಯೇ ಅವರ ಅಣ್ಣ ಈ ಸ್ಥಿತಿಗೆ ಬಂದಿರೋದು!

ಮೈಸೂರು: ನನ್ನದನ್ನೇ ಓದಿದ್ದು ಅಂತ ಸಾಕ್ಷಿ ಇದೆಯಾ? ಮಾತು ನೋಡ್ಕೊಂಡು ಆಡಿ.

ತಿಪಟೂರು: ಈ ಹುಡುಗಿ ಎಲ್ಲರ ಮೇಲೂ ಹಾಗೇ ಎಗರಾಡೋದು.

ಬೆಂಗಳೂರು: ನಾನು ಹುಡುಗಿ ಅಲ್ಲ, ನನಗೆ ನಲವತ್ತೆರಡು. ಆ ಪೋಸ್ಟ್ ಇನ್ನೂ ಅಲ್ಲೇ ಇದೆ, ಅದರ ಬಗ್ಗೆ ಮಾತಾಡಿ.

ಅಡ್ಮಿನ್: ಜಾಯಿಕಾಯಿ ಪೋಸ್ಟ್ ಅಳಿಸಿದ್ದೇನೆ. ಜಗಳ ನಿಲ್ಲಿಸಿ.

ಬಳ್ಳಾರಿ: ಇಂಥದ್ದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕಾ ಮೇಡಂ? ಇಲ್ಲಿ ಯಾರಿದ್ದಾರೆ?

ಡಾಕ್ಟರ್: ಬೇಡ. ನಿಮ್ಮ ಜಿಲ್ಲಾಸ್ಪತ್ರೆಯಲ್ಲೇ ವಿಚಾರಿಸಿ. ಜಿಲ್ಲೆಯಲ್ಲೇ ಮಾನಸಿಕ ಚಿಕಿತ್ಸೆ ಸಿಗಬೇಕು ಅಂತ 1980ರ ದಶಕದಲ್ಲಿ ನಿಮ್ಹಾನ್ಸ್ ಮೊದಲು ಮಾಡಿ ತೋರಿಸಿದ್ದೇ ನಿಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಆಮೇಲೆ ದೇಶವೆಲ್ಲಾ ಅದನ್ನು ತಗೊಂಡಿತು. ಫೋನಲ್ಲಿ ಮಾತಾಡಬೇಕಿದ್ದರೆ ಟೆಲಿ ಮಾನಸ್, 14416. ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.

ಚಿತ್ರದುರ್ಗ: ಅಶ್ವಗಂಧ ತಗೋಬಹುದಾ? ಎಲ್ಲಾ ಕಡೆ ಸ್ಟ್ರೆಸ್‌ಗೆ ಒಳ್ಳೇದು ಅಂತಾರೆ.

ಡಾಕ್ಟರ್: ಥೈರಾಯ್ಡ್ ಮಾತ್ರೆ ತಗೋತಿದ್ದರೆ, ಲಿವರ್ ತೊಂದರೆ ಇದ್ದರೆ, ಬಸುರಿಯಾಗಿದ್ದರೆ ಬೇಡ. ಉಳಿದವರೂ ಡಾಕ್ಟರನ್ನು ಕೇಳದೆ ಬೇಡ.

ಕೋಲಾರ: ಮಾತ್ರೆ ಇಲ್ಲದೆ ಟೆನ್ಶನ್ ಹೋಗೋಕೆ ಏನಾದರೂ ಹೇಳಿ ಮೇಡಂ.

ಡಾಕ್ಟರ್: ಮೂರನೇ ಸಲ ಬರೆಯಲ್ಲ. ಮೇಲೆ ಹೋಗಿ ಓದಿ.

ಕೋಲಾರ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ? ನೀವೇ ಹೀಗಾದರೆ ಹೇಗೆ?

ಹುಬ್ಬಳ್ಳಿ: ಮೇಡಂ, ಆಟೋದಾಗ ಹೊಂಟೀವ್ರೀ. ಸ್ಟ್ರಿಪ್ ಕಸದ ಬುಟ್ಟಿಯೊಳಗೆ ಸಿಕ್ತು, 0.5 ಅಂತ ಇದೆ. ದಿನಕ್ಕೆ ಮೂರು ತಗೋತಿದ್ನಂತೆ, ನಮಗ ಒಂದು ಅಂತಿದ್ದ.

ಡಾಕ್ಟರ್: ಒಳ್ಳೇದಾಯ್ತು ಹೊರಟಿದ್ದು. ಈ ಲೆಕ್ಕವನ್ನು ಹಾಗೇ ಕ್ಯಾಷುವಾಲ್ಟಿ ಡಾಕ್ಟರಿಗೆ ತೋರಿಸಿ. ಸುಳ್ಳು ಹೇಳಿದ್ದಕ್ಕೆ ಈಗ ಅಣ್ಣನನ್ನು ಬೈಯಬೇಡಿ. ಉಳಿದ ಪ್ರಶ್ನೆಗಳಿಗೆ ಇವತ್ತು ಆಗಲ್ಲ, ನಾನು ಇವರ ಫೋನಿಗೆ ಕಾಯ್ತಿದ್ದೇನೆ.

ಶಿರಸಿ: ಮೇಡಂ, ಮಗಳ ಉಗುರಿನ ಬಗ್ಗೆ ಕೇಳಿದ್ದೆ.

ಅಡ್ಮಿನ್: ಕಾಮೆಂಟ್ ಮುಚ್ಚುತ್ತಿದ್ದೇನೆ. ಉತ್ತರ ಸಿಗದವರ ಪ್ರಶ್ನೆ ಮೇಡಂಗೆ ಕಳಿಸ್ತೇನೆ.