ಜೋಳದ ರೊಟ್ಟಿಯ ಟಾಕೋ ಕೈಯಲ್ಲೇ ಮುರಿಯುವುದೇಕೆ?

ಪ್ರಶ್ನೆ (ಬೆಳಗಾವಿ):
ಟಿಳಕವಾಡಿಯ ಕಡೆ ಮಧ್ಯಾಹ್ನದ ಹೊತ್ತು ನಿಲ್ಲುವ ಒಂದು ಫುಡ್ ಟ್ರಕ್‌ನಲ್ಲಿ ಊಟ ಮಾಡಿದೆ. ಜೋಳದ ರೊಟ್ಟಿಯನ್ನು ಅರ್ಧಕ್ಕೆ ಮಡಿಚಿ, ಒಳಗೆ ಬದನೆಕಾಯಿ ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ ಮತ್ತು ಚೀಸ್ ತುಂಬಿ, ಮೇಲೆ ಶೇಂಗಾ ಚಟ್ನಿ ಉದುರಿಸಿ ಟಾಕೋ ಎಂದು ಕೊಡುತ್ತಾರೆ. ರುಚಿಯ ಬಗ್ಗೆ ತಕರಾರಿಲ್ಲ; ಗುರೆಳ್ಳಿನ ಘಮ ಚೀಸ್‌ನ ನಡುವೆಯೂ ಉಳಿದಿತ್ತು. ಆದರೆ ಎರಡನೆಯ ತುತ್ತಿಗೇ ರೊಟ್ಟಿ ಮಡಿಕೆಯಲ್ಲಿ ಸೀಳಿ ಎಣ್ಣೆಯೆಲ್ಲ ಅಂಗೈಗೆ ಇಳಿಯಿತು. ಇದು ಮಾಡುವವರ ಕೈಯ ದೋಷವೋ, ರೊಟ್ಟಿಯ ಗುಣವೋ?

ಉತ್ತರ (ವಿಜಯಪುರ):
ಕೈಯನ್ನು ದೂರುವ ಮೊದಲು ಹಿಟ್ಟನ್ನು ನೋಡಬೇಕು. ಗೋಧಿಯ ಹಿಟ್ಟನ್ನು ಸೀಳದಂತೆ ಹಿಡಿದಿಡುವ ಗ್ಲುಟೆನ್ ಎಂಬ ಪ್ರೋಟೀನ್ ಜೋಳದಲ್ಲಿಲ್ಲ. ಎಸರಿಟ್ಟು ಕುದಿಯುವ ನೀರಿನಲ್ಲಿ ಕಲಸಿದಾಗ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ, ಆ ಅಂಟಿನ ಬಲದಿಂದಲೇ ರೊಟ್ಟಿ ಬಡಿಯಲು ಬರುತ್ತದೆ. ರೊಟ್ಟಿ ಆರುತ್ತಿದ್ದಂತೆ ಪಿಷ್ಟ ಮತ್ತೆ ಬಿಗಿಯುವುದರಿಂದ, ಹಂಚಿನಿಂದ ಇಳಿದಾಗ ಮಡಿಚಲು ಬಂದ ರೊಟ್ಟಿ ಸ್ವಲ್ಪ ಹೊತ್ತಿನಲ್ಲೇ ಸೀಳುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಾದರೆ ಇದ್ದ ಜಿಗಿಯೂ ಹೋಗಿರುತ್ತದೆ.

ಮೆಕ್ಸಿಕೋದ ಟಾಕೋಗೆ ಬಳಸುವ ಟೋರ್ಟಿಯಾ ಎಂಬ ಮೆಕ್ಕೆಜೋಳದ ತೆಳು ರೊಟ್ಟಿಯಲ್ಲೂ ಗ್ಲುಟೆನ್ ಇಲ್ಲವಲ್ಲ ಎಂದು ನೀವು ಕೇಳಬಹುದು. ಅಲ್ಲಿ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅದರಲ್ಲೇ ನೆನೆಯಲು ಬಿಟ್ಟು, ತೊಳೆದು ಅರೆಯುತ್ತಾರೆ. ಸುಣ್ಣದಿಂದ ಸಿಪ್ಪೆ ಸಡಿಲವಾಗಿ ಹಿಟ್ಟಿಗೆ ಹಿಡಿತ ಬರುತ್ತದೆ. ನಮ್ಮದು ಒಣ ಕಾಳನ್ನು ಗಿರಣಿಯಲ್ಲಿ ಬೀಸಿದ ಹಿಟ್ಟು, ಅದಕ್ಕೆ ಆ ಸಂಸ್ಕಾರವಿಲ್ಲ.

ಉತ್ತರ (ಬಾಗಲಕೋಟೆ):
ಹಾಗಿದ್ದರೆ ಮಡಿಚುವ ಹಟವೇ ಏಕೆ? ಖಡಕ್ ರೊಟ್ಟಿಯನ್ನು ಚಪ್ಪಟೆಯಾಗಿಯೇ ಇಟ್ಟು ಮೇಲೆ ಪಲ್ಲೆ ಹರಡಲಿ. ಗರಿಗರಿಯಾದ ಟೋರ್ಟಿಯಾದ ಮೇಲೆ ಹೀಗೆಯೇ ಹರಡಿದ್ದನ್ನು ಮೆಕ್ಸಿಕೋದಲ್ಲಿ ಟೋಸ್ಟಾಡಾ ಎನ್ನುತ್ತಾರೆ. ಎಣ್ಣೆಗಾಯಿಯ ಬದಲು ಗಟ್ಟಿ ಝುಣಕ ಅಥವಾ ಮಡಕಿಕಾಳಿನ ಪಲ್ಲೆ ಇದಕ್ಕೆ ಒಪ್ಪುತ್ತದೆ. ಚೀಸ್ ಬೇಡವೇ ಬೇಡ, ನೀರು ಬಸಿದ ಗಟ್ಟಿ ಮೊಸರು ಸಾಕು. ಇದು ನನ್ನ ನಾಲಿಗೆಯ ಮಾತು, ಯಾರೂ ಒಪ್ಪಬೇಕಿಲ್ಲ.

ಉತ್ತರ (ಬೆಳಗಾವಿ, ಕ್ಯಾಂಪ್):
2008ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ ಕೋಗಿ ಎಂಬ ಟ್ರಕ್, ಕೊರಿಯಾ ಶೈಲಿಯ ಮಾಂಸವನ್ನು ಟಾಕೋದೊಳಗೆ ಹಾಕಿ ಹೆಸರು ಮಾಡಿತು. ಅಲ್ಲಿ ಬದಲಾದದ್ದು ಒಳಗಿನ ಪದಾರ್ಥ. ಹೊರಗಿನದು ಟೋರ್ಟಿಯಾ ಆಗಿಯೇ ಉಳಿಯಿತು. ಇಲ್ಲಿ ಭಾರ ಹೊರಬೇಕಾದ ರೊಟ್ಟಿಯನ್ನೇ ಬದಲಿಸಿದ್ದಾರೆ. ಹಿಟ್ಟಿಗೆ ಸ್ವಲ್ಪ ಗೋಧಿ ಬೆರೆಸಿದರೆ ಮಡಿಚಲು ಬರುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಗೋಧಿ ಬೆರೆಸುವುದು ನನಗೆ ಅನುಕೂಲವಾಗದು, ಏಕೆಂದರೆ ವೈದ್ಯರ ಸಲಹೆಯಂತೆ ಗೋಧಿ ಬಿಟ್ಟಿರುವ ನಮ್ಮ ತಂದೆಯವರನ್ನೂ ಅಲ್ಲಿಗೆ ಕರೆದೊಯ್ಯುವ ಯೋಚನೆಯಿತ್ತು. ಟ್ರಕ್‌ನವರು ಈಗಾಗಲೇ ಗೋಧಿ ಬೆರೆಸುತ್ತಿದ್ದಾರೆಯೇ, ಚಪಾತಿಯ ಹಂಚಿನ ಮೇಲೆಯೇ ರೊಟ್ಟಿ ಬೇಯಿಸುತ್ತಾರೆಯೇ ಎಂಬುದನ್ನು ಮೊದಲು ವಿಚಾರಿಸುತ್ತೇನೆ. ಖಡಕ್ ರೊಟ್ಟಿ ಮತ್ತು ಝುಣಕದ ಸಲಹೆಯನ್ನೂ ಅವರಿಗೆ ತಿಳಿಸುವೆ.