ಸಹಾಯ ಬೇಕು: ಸೊಂಟಕ್ಕೆ ಬೆಲ್ಟ್ ಹಾಕಿದ ಕೂಸು, ವಿಜಯಪುರದ ಬಿಸಿಲು

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಎರಡೂವರೆ ತಿಂಗಳು. ಹೊಟ್ಟೆಯಲ್ಲಿ ಉಲ್ಟಾ ಇದ್ದಳು, ಅದಕ್ಕೇ ಸೊಂಟದ ಅಲ್ಟ್ರಾಸೌಂಡ್ ಮಾಡಿಸಿದರು. ಎಡಗಡೆ ತೊಡೆ ಎಲುಬಿನ ಗುಂಡು ಕುಳಿಯಲ್ಲಿ ಸರಿಯಾಗಿ ಕೂತಿಲ್ಲವಂತೆ. ಪಾವ್ಲಿಕ್ ಹಾರ್ನೆಸ್ ಅಂತ, ಭುಜಕ್ಕೆ ಮತ್ತು ಕಾಲಿಗೆ ಪಟ್ಟಿ ಇರುವ ಬೆಲ್ಟ್ ಹಾಕಿದ್ದಾರೆ, ದಿನಕ್ಕೆ 23 ಗಂಟೆ ಇರಬೇಕು. ಕಾಲು ಕಪ್ಪೆಯ ಹಾಗೆ ಮಡಚಿ ಅಗಲವಾಗಿದ್ದರೆ ಗುಂಡು ಕುಳಿಯಲ್ಲೇ ಉಳಿದು, ಕುಳಿ ಚೆನ್ನಾಗಿ ಬೆಳೆಯುತ್ತದೆ.

ದೊಡ್ಡ ಚಿಂತೆ ಸೆಕೆ. ಇಲ್ಲಿ 40 ಡಿಗ್ರಿ ದಾಟುತ್ತಿದೆ. ಮೊಣಕಾಲಿನ ಹಿಂದೆ, ತೊಡೆಸಂದಿಯಲ್ಲಿ ಬೆವರಿ ಚರ್ಮ ಕೆಂಪಾಗಿದೆ. ಪೌಡರ್, ಎಣ್ಣೆ ಹಚ್ಚುತ್ತಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸುತ್ತೇನೆ, ಪಟ್ಟಿಯ ಒಳಗೆ ತೆಳು ಕಾಟನ್ ಅಂಗಿ, ಉದ್ದ ಸಾಕ್ಸ್ ಹಾಕುತ್ತೇನೆ. ಬೇಸಿಗೆಯಲ್ಲಿ ಇದನ್ನು ದಾಟಿದವರು ಇನ್ನೇನು ಮಾಡಿದಿರಿ? ಇಲ್ಲಿ ಇಂಥ ಅಂಗಿ ಹೊಲಿದುಕೊಡುವವರು ಗೊತ್ತಾ?

ಇನ್ನೊಂದು ಮಾತು. ಅತ್ತೆಯವರಿಗೆ ಕೂಸನ್ನು ನೋಡಿದರೆ ಕರುಳು ಚುರ್ ಅನ್ನುತ್ತದೆ. "ಒಂದೀಟು ಬಿಚ್ಚವಾ, ಕೂಸು ಕಾಲು ಚಾಚಲಿ" ಅಂತಾರೆ. ಸೀರೆ ಜೋಳಿಗೆಯಲ್ಲಿ ಮಲಗಿಸಬೇಕೆಂದು ಅವರಿಗೆ ಬಹಳ ಆಸೆ. ಜೋಳಿಗೆಯಲ್ಲಿ ಕಾಲು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಕಾಲು ನೇರ ಮಾಡಿ ಬಿಗಿಯಾಗಿ ಸುತ್ತುವುದೂ ಬೇಡ. ಅವರದು ಪ್ರೀತಿ, ನನಗೆ ಗೊತ್ತು. ಆದರೆ ಈಗ ಗುಂಡು ಕೂರದಿದ್ದರೆ ಮುಂದೆ ಆಪರೇಷನ್, ಪ್ಲಾಸ್ಟರ್ ಬೇಕಾಗಬಹುದು, ಅಲ್ವಾ?

ಈ ಬೆಲ್ಟ್ ಹಾಕಿಸಿ, ಮಗು ಈಗ ಓಡಾಡುತ್ತಿರುವ ಅಮ್ಮಂದಿರು ಯಾರಾದರೂ ಇದ್ದೀರಾ? ವಿಜಯಪುರ, ಬಾಗಲಕೋಟೆ ಕಡೆಯವರಾದರೆ ಇನ್ನೂ ಒಳ್ಳೆಯದು. ದಯವಿಟ್ಟು ನಮ್ಮ ಅತ್ತೆಯವರ ಜೊತೆ ಫೋನಿನಲ್ಲಿ ಒಮ್ಮೆ ಮಾತಾಡಿ. ನನಗೆ ಮೆಸೇಜ್ ಮಾಡಿದರೆ ನಾನೇ ಫೋನ್ ಹಚ್ಚುತ್ತೇನೆ.