ಚಂದಾ ಇಲ್ಲದೆ ನಡೆಯುವ ಸೆಕೆಂಡ್ ಹ್ಯಾಂಡ್ ಟಿ.ವಿ. ರೆಕಾರ್ಡರ್: ಕೊಳ್ಳುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ

ಉಚಿತವಾಗಿ ಸಿಗುವ ಚಾನೆಲ್‌ಗಳನ್ನಷ್ಟೇ ರೆಕಾರ್ಡ್ ಮಾಡಿಟ್ಟುಕೊಂಡು ಬಿಡುವಾದಾಗ ನೋಡುವುದು ನಮ್ಮ ಮನೆಯ ಅಗತ್ಯ. ತಿಂಗಳ ಚಂದಾ ಕಟ್ಟುವ ಮನಸ್ಸಿಲ್ಲ, ಹೊಸ ಪೆಟ್ಟಿಗೆಗೆ ಹಣ ಹಾಕುವ ಮನಸ್ಸೂ ಇಲ್ಲ. ಒಳಗೆ ಹಾರ್ಡ್ ಡಿಸ್ಕ್ ಇರುವ ಮೂರು ಹಳೆಯ ಪೆಟ್ಟಿಗೆಗಳು ಕಣ್ಣಿಗೆ ಬಿದ್ದಿವೆ. ಒಂದು, ಚಂದಾ ಕಂಪನಿಯೊಂದು ತನ್ನ ಗ್ರಾಹಕರಿಗೆ ಕೊಡುತ್ತಿದ್ದದ್ದು. ಇನ್ನೊಂದು ಡಿಶ್‌ಗೆ ಜೋಡಿಸುವಂಥದ್ದು. ಮತ್ತೊಂದು ಆಂಟೆನಾಕ್ಕೆ ಜೋಡಿಸುವಂಥದ್ದು. ಇಂಥವನ್ನು ಕೊಂಡು ಬಳಸಿದವರು ತಮ್ಮ ಅನುಭವವನ್ನು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ನಾನು ಇದುವರೆಗೆ ಇಂಥ ನಾಲ್ಕು ಪೆಟ್ಟಿಗೆಗಳನ್ನು ಕೊಂಡಿದ್ದೇನೆ, ನಾಲ್ಕೂ ಬಳಸಿದವೇ. ಅವುಗಳಲ್ಲಿ ಮೊದಲನೆಯದು ಪೂರ್ತಿ ದುಡ್ಡು ದಂಡ. ಆ ಪೆಟ್ಟಿಗೆ ನೀವು ಹೇಳಿದ ಮೊದಲ ಬಗೆಯದು. ಮಾರುವವರ ಮನೆಯಲ್ಲಿ ಅದನ್ನು ಟಿ.ವಿ.ಗೆ ಜೋಡಿಸಿ ತೋರಿಸಿದರು, ಚಿತ್ರ ಚೆನ್ನಾಗಿ ಬಂತು, ನಾನು ಒಪ್ಪಿಕೊಂಡು ತಂದೆ. ಮನೆಗೆ ಬಂದು ರಿಮೋಟಿನ ಕೆಂಪು ಗುಂಡಿ ಒತ್ತಿದಾಗ, ಚಾಲ್ತಿಯಲ್ಲಿರುವ ಚಂದಾ ಕಾರ್ಡ್ ಹಾಕಿ ಎಂಬ ಸೂಚನೆ ಪರದೆಯ ಮೇಲೆ ಬಂತು. ಹಿಂದಿನವರು ರೆಕಾರ್ಡ್ ಮಾಡಿಟ್ಟಿದ್ದ ಕಾರ್ಯಕ್ರಮಗಳ ಹೆಸರುಗಳೆಲ್ಲ ಪಟ್ಟಿಯಲ್ಲಿ ಕಾಣುತ್ತಿದ್ದವು, ಆದರೆ ಒಂದೂ ತೆರೆದುಕೊಳ್ಳಲಿಲ್ಲ. ಚಿತ್ರ ತೋರಿಸುವುದಕ್ಕೆ ಚಂದಾ ಬೇಡ, ರೆಕಾರ್ಡ್ ಮಾಡುವುದಕ್ಕೆ ಬೇಕು ಎಂಬಂತೆ ಆ ಪೆಟ್ಟಿಗೆಯನ್ನು ಕಂಪನಿಯವರೇ ಕಟ್ಟಿಹಾಕಿದ್ದರು.

ಹಾಗಾಗಿ ರೆಕಾರ್ಡ್ ಮಾಡಲು ಈ ಪೆಟ್ಟಿಗೆ ಯಾರ ಅಪ್ಪಣೆಗಾಗಿ ಕಾಯುತ್ತದೆ ಎಂಬುದನ್ನೇ ಈಗ ನಾನು ಮೊದಲು ನೋಡುತ್ತೇನೆ. ಪರೀಕ್ಷೆ ಸುಲಭ: ಕಾರ್ಡ್ ಇದ್ದರೆ ಹೊರಗೆ ತೆಗೆಯಿರಿ, ಇಂಟರ್‌ನೆಟ್ ಸಂಪರ್ಕ ತಪ್ಪಿಸಿ, ಒಮ್ಮೆ ಆಫ್ ಮಾಡಿ ಆನ್ ಮಾಡಿ, ಆಮೇಲೆ ರೆಕಾರ್ಡ್ ಮಾಡಿ, ಆ ರೆಕಾರ್ಡನ್ನು ಮತ್ತೆ ತೆರೆದು ನೋಡಿ. ಚಂದಾ ಕಂಪನಿಗಳ ಪೆಟ್ಟಿಗೆಗಳ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ಅವುಗಳಲ್ಲಿ ಅನೇಕವು ಗ್ರಾಹಕರಿಗೆ ಬಳಕೆಗಾಗಿ ಮಾತ್ರ ಕೊಟ್ಟವು, ಚಂದಾ ನಿಂತ ಮೇಲೆ ಹಿಂದಿರುಗಿಸಬೇಕಾದವು. ಮಾರುವ ಹಕ್ಕು ಮಾರುವವರಿಗೇ ಇರುವುದಿಲ್ಲ.

ಎರಡನೆಯದಾಗಿ, ಯಾವ ಚಾನೆಲ್‌ನಲ್ಲಿ ಏನು ಯಾವಾಗ ಬರುತ್ತದೆ ಎಂದು ತೋರಿಸುವ ಕಾರ್ಯಕ್ರಮ ಪಟ್ಟಿ ಎಲ್ಲಿಂದ ಬರುತ್ತದೆ ಎಂದು ಕೇಳಿ. ಡಿವಿಬಿ ಎಂಬ ಡಿಜಿಟಲ್ ಟಿ.ವಿ. ಪದ್ಧತಿಯ ಪ್ರಸಾರದಲ್ಲಿ ಚಿತ್ರ ಮತ್ತು ಧ್ವನಿಯ ಜೊತೆಗೇ ಪಟ್ಟಿಯನ್ನೂ ಕಳಿಸುವ ವ್ಯವಸ್ಥೆ ಇರುವುದರಿಂದ, ಅದನ್ನು ಓದುವ ಪೆಟ್ಟಿಗೆಗೆ ಬೇರೆ ಯಾರ ಹಂಗೂ ಇಲ್ಲ. ಕೆಲವು ಪೆಟ್ಟಿಗೆಗಳು ಮಾತ್ರ ಪಟ್ಟಿಯನ್ನು ತಯಾರಕರ ಸರ್ವರ್‌ನಿಂದ ತರಿಸಿಕೊಳ್ಳುತ್ತವೆ, ಆ ಸರ್ವರ್ ನಿಂತ ದಿನ ಅವು ಕುರುಡಾಗುತ್ತವೆ. 1999ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಟಿವೊ ಎಂಬ ರೆಕಾರ್ಡರ್ ಇದಕ್ಕೆ ಹೆಸರಾಂತ ಉದಾಹರಣೆ. ಒಮ್ಮೆಲೇ ಹಣ ಕಟ್ಟಿ ಅದರ ಜೀವಾವಧಿ ಸೇವೆಯನ್ನು ಪಡೆಯಬಹುದಿತ್ತು. ಆದರೆ ಜೀವಾವಧಿ ಎಂದರೆ ಕೊಂಡವರ ಜೀವಾವಧಿಯಲ್ಲ, ಪೆಟ್ಟಿಗೆಯದು. ಅದರ ಮೊದಲ ಸರಣಿಯ ಪೆಟ್ಟಿಗೆಗಳಿಗೆ ಪಟ್ಟಿ ಬರುವುದು ಅಲ್ಲಿ 2016ರಲ್ಲಿ ನಿಂತೇ ಹೋಯಿತು. ಪಟ್ಟಿ ಇಲ್ಲದ ರೆಕಾರ್ಡರ್‌ನಲ್ಲಿ ಹೆಚ್ಚೆಂದರೆ ಗಂಟೆ ನಿಮಿಷ ಹೊಂದಿಸಿ ರೆಕಾರ್ಡ್ ಮಾಡಬಹುದು. ಧಾರಾವಾಹಿಯ ಹೆಸರು ಒತ್ತಿ ಎಲ್ಲ ಕಂತುಗಳನ್ನೂ ಹಿಡಿಯುವ ಅನುಕೂಲ ಹೋಗಿಬಿಡುತ್ತದೆ.

ಉತ್ತರ 2

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಟ್ಯೂನರ್, ಅಂದರೆ ಪ್ರಸಾರದಿಂದ ಬೇಕಾದ ಚಾನೆಲ್ ಆರಿಸಿ ಹಿಡಿಯುವ ಭಾಗದ ಬಗ್ಗೆ ಎರಡು ಮಾತು ಸೇರಿಸುತ್ತೇನೆ.

ಆಂಟೆನಾ ಪೆಟ್ಟಿಗೆಯಾದರೆ ಡಿವಿಬಿ-ಟಿ ಎಂದಿದೆಯೋ ಅದರ ಮುಂದಿನ ಪೀಳಿಗೆಯ ಟಿ2 ಎಂದಿದೆಯೋ ನೋಡಿ, ಟಿ2 ಎಂದಿದ್ದರೂ ಅಲ್ಲಿಗೇ ನಿಲ್ಲಬೇಡಿ. ಚಿತ್ರವನ್ನು ಯಾವ ರೀತಿಯಲ್ಲಿ ಸಂಕುಚಿತಗೊಳಿಸಿ ಕಳಿಸುತ್ತಾರೆ ಎಂಬುದೂ ಹೊಂದಬೇಕು. ಜರ್ಮನಿಯಲ್ಲಿ 2017ರ ಮಾರ್ಚ್‌ನಿಂದ ಟಿ2 ಪ್ರಸಾರ ಬಂದಾಗ ಅದು ಎಚ್‌ಇವಿಸಿ ವಿಧಾನವನ್ನು ಬಳಸಿತು. ಅದಕ್ಕಿಂತ ಹಿಂದಿನ ಎಚ್.264 ವಿಧಾನವನ್ನಷ್ಟೇ ಬಲ್ಲ ಟಿ2 ಪೆಟ್ಟಿಗೆಗಳು ಅಲ್ಲಿ ಕೆಲಸಕ್ಕೆ ಬರಲಿಲ್ಲ. ಆದ್ದರಿಂದ ನಿಮ್ಮಲ್ಲಿ ಈಗ ನಡೆಯುತ್ತಿರುವ ಪ್ರಸಾರ ಯಾವುದು ಎಂದು ತಿಳಿದುಕೊಂಡೇ ಹೊರಡಿ.

ಡಿಶ್ ಪೆಟ್ಟಿಗೆಯಲ್ಲಿ ಎರಡು ಟ್ಯೂನರ್ ಇವೆ ಎಂದು ಮಾರುವವರು ಹೇಳುವುದು ನಿಜವೇ ಇರುತ್ತದೆ, ಆದರೆ ಎರಡೂ ಸ್ವತಂತ್ರವಾಗಿ ನಡೆಯಬೇಕಾದರೆ ಸಾಮಾನ್ಯವಾಗಿ ಎಲ್‌ಎನ್‌ಬಿಯಿಂದ, ಅಂದರೆ ಡಿಶ್‌ನ ಮುಂದೆ ಅಲೆಗಳನ್ನು ಹಿಡಿಯುವ ಭಾಗದಿಂದ, ಎರಡು ಕೇಬಲ್‌ಗಳು ಬರಬೇಕು. ಪೆಟ್ಟಿಗೆ 13 ಅಥವಾ 18 ವೋಲ್ಟ್ ಕಳಿಸಿ ಅಲೆಯ ದಿಕ್ಕನ್ನೂ, 22 ಕಿಲೋಹರ್ಟ್ಸ್ ಸಂಕೇತ ಕಳಿಸಿ ಅಥವಾ ನಿಲ್ಲಿಸಿ ಮೇಲಿನ ಅಥವಾ ಕೆಳಗಿನ ಫ್ರೀಕ್ವೆನ್ಸಿ ವ್ಯಾಪ್ತಿಯನ್ನೂ ಆರಿಸುತ್ತದೆ. ಹೀಗೆ ಒಂದು ಕೇಬಲ್‌ನಲ್ಲಿ ಒಂದು ಹೊತ್ತಿಗೆ ನಾಲ್ಕರಲ್ಲಿ ಒಂದು ಭಾಗ ಮಾತ್ರ ಇಳಿಯುತ್ತದೆ. ನಮ್ಮ ಮನೆಯಲ್ಲಿ ಒಂದೇ ಕೇಬಲ್ ಇದ್ದ ಆರು ತಿಂಗಳು, ಒಂದು ಚಾನೆಲ್ ರೆಕಾರ್ಡ್ ಆಗುತ್ತಿರುವಾಗ ಕೆಲವು ಚಾನೆಲ್‌ಗಳು ಬರುತ್ತಿದ್ದವು, ಕೆಲವು ಬರುತ್ತಿರಲಿಲ್ಲ. ಪೆಟ್ಟಿಗೆ ಕೆಟ್ಟಿದೆಯೆಂದು ಮಾರಿದವರೊಡನೆ ಸುಮ್ಮನೆ ಜಗಳವಾಡಿದೆ. ಒಂದೇ ಕೇಬಲ್‌ನಲ್ಲಿ ಹಲವು ಟ್ಯೂನರ್‌ಗಳಿಗೆ ಒದಗಿಸುವ ಬೇರೆ ಬಗೆಯ ಎಲ್‌ಎನ್‌ಬಿಗಳಿವೆ, ಆದರೆ ಅದನ್ನು ಪೆಟ್ಟಿಗೆಯೂ ಬಲ್ಲದಾಗಿರಬೇಕು. ಆಂಟೆನಾ ಪೆಟ್ಟಿಗೆಗೆ ಈ ರಗಳೆ ಇಲ್ಲ, ಒಂದೇ ತಂತಿ ಒಳಗೆ ಹಂಚಿಕೆಯಾಗುತ್ತದೆ.

ಉತ್ತರ 3

ರಿಪೇರಿ ಮಾಡುವವನಾಗಿ ನಾನು ಡಿಸ್ಕ್ ಮತ್ತು ಪವರ್ ಸಪ್ಲೈ ಬಗ್ಗೆ ಮಾತ್ರ ಬರೆಯುತ್ತೇನೆ.

ನೇರ ಪ್ರಸಾರವನ್ನು ನಿಲ್ಲಿಸಿ ಮುಂದುವರಿಸುವ ಸೌಲಭ್ಯಕ್ಕಾಗಿ ಇಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಆನ್ ಆಗಿರುವಷ್ಟು ಹೊತ್ತೂ ಡಿಸ್ಕ್‌ಗೆ ಬರೆಯುತ್ತಲೇ ಇರುತ್ತವೆ. ಹಾಗಾಗಿ ಅಪರೂಪಕ್ಕೆ ಬಳಸಿದ್ದು ಎಂಬ ಮಾತಿಗೆ ನಾನು ಬೆಲೆ ಕೊಡುವುದಿಲ್ಲ, ದಿನವಿಡೀ ಟಿ.ವಿ. ಹಾಕಿಡುವ ಮನೆಯಲ್ಲಿ ಒಂದು ಕಾರ್ಯಕ್ರಮವನ್ನೂ ರೆಕಾರ್ಡ್ ಮಾಡದಿದ್ದರೂ ಡಿಸ್ಕ್ ಸವೆದಿರುತ್ತದೆ. ಕೊಳ್ಳುವಾಗ ಎರಡು ಚಾನೆಲ್‌ಗಳನ್ನು ಒಟ್ಟಿಗೆ ರೆಕಾರ್ಡ್ ಮಾಡಲು ಬಿಟ್ಟು, ಅದೇ ಹೊತ್ತಿಗೆ ಹಳೆಯ ರೆಕಾರ್ಡೊಂದನ್ನು ಹಾಕಿಸಿ ಇಪ್ಪತ್ತು ನಿಮಿಷ ಕೂತು ನೋಡಿ. ಡಿಸ್ಕಿಗೆ ಅತಿ ಹೆಚ್ಚು ಕೆಲಸ ಬೀಳುವುದು ಆಗಲೇ. ನೇರ ಪ್ರಸಾರದ ಚಿತ್ರ ಸರಿಯಾಗಿದ್ದು, ರೆಕಾರ್ಡ್ ಆದ ಚಿತ್ರ ಮಾತ್ರ ಚೌಕ ಚೌಕವಾಗಿ ಒಡೆದರೆ ತಪ್ಪು ಡಿಸ್ಕಿನದು. ಎರಡೂ ಒಡೆದರೆ ಮೊದಲು ಆಂಟೆನಾ ಮತ್ತು ಕೇಬಲ್ ನೋಡಿ. ಪೆಟ್ಟಿಗೆಯ ಮುಚ್ಚಳಕ್ಕೆ ಕಿವಿಯಿಟ್ಟು ಕೇಳಿ: ಸಣ್ಣ ಗುಂಯ್ ಸದ್ದು ಸಹಜ, ಬಿಟ್ಟುಬಿಟ್ಟು ಬರುವ ಟಕ್ ಟಕ್ ಸಹಜವಲ್ಲ.

ಆದರೂ ಡಿಸ್ಕ್ ಕೆಟ್ಟರೆ ಅಂಥ ದೊಡ್ಡ ನಷ್ಟವಲ್ಲ ಎಂದೇ ಹೇಳುತ್ತೇನೆ, ಏಕೆಂದರೆ ಎಷ್ಟೋ ಮಾದರಿಗಳಲ್ಲಿ ಬೇರೆ ಡಿಸ್ಕ್ ಹಾಕಿದರೆ ಪೆಟ್ಟಿಗೆ ತಾನೇ ಫಾರ್ಮ್ಯಾಟ್ ಮಾಡಿಕೊಳ್ಳುತ್ತದೆ. ನೀವು ಕೊಳ್ಳುವ ಮಾದರಿ ಹಾಗೆ ಮಾಡುತ್ತದೆಯೇ ಎಂದು ಮೊದಲೇ ವಿಚಾರಿಸಿ. ಗಾತ್ರದ ಲೆಕ್ಕ ಹೀಗೆ: ಸೆಕೆಂಡಿಗೆ 8 ಮೆಗಾಬಿಟ್ ವೇಗದಲ್ಲಿ ಬರುವ ಎಚ್‌ಡಿ ಚಿತ್ರ ಗಂಟೆಗೆ 3.6 ಗಿಗಾಬೈಟ್ ತಿನ್ನುತ್ತದೆ, ಅಂದರೆ 500 ಗಿಗಾಬೈಟ್ ಡಿಸ್ಕಿನಲ್ಲಿ ಸುಮಾರು 139 ಗಂಟೆ ಹಿಡಿಯುತ್ತದೆ.

ನನ್ನ ಮೇಜಿಗೆ ಬರುವ ಪೆಟ್ಟಿಗೆಗಳಲ್ಲಿ ಡಿಸ್ಕ್ ಕೆಟ್ಟಿದೆ ಎಂದು ಬಂದವುಗಳಲ್ಲಿ ಎಷ್ಟೋ ಬಾರಿ ಕೆಟ್ಟಿರುವುದು ಪವರ್ ಸಪ್ಲೈ. ಆನ್ ಮಾಡಿದಾಗ ದೀಪ ಹತ್ತುತ್ತದೆ, ಡಿಸ್ಕ್ ತಿರುಗಲು ಶುರುವಾಗುತ್ತಿದ್ದಂತೆ ದೀಪ ಆರಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಡಿಸ್ಕ್ ತಿರುಗುವ ಆ ಕ್ಷಣದಲ್ಲೇ ಕರೆಂಟು ಹೆಚ್ಚು ಬೇಕು, ವಿದ್ಯುತ್ತನ್ನು ಹಿಡಿದಿಟ್ಟು ಕೊಡುವ ಕೆಪಾಸಿಟರ್ ಸೊರಗಿದ್ದರೆ ಅದನ್ನು ಕೊಡಲಾಗದು. ಮುಚ್ಚಳ ತೆಗೆದು ನೋಡಿದರೆ ಚಪ್ಪಟೆಯಾಗಿರಬೇಕಾದ ಕೆಪಾಸಿಟರ್ ತಲೆ ಪೂರಿಯಂತೆ ಉಬ್ಬಿರುತ್ತದೆ. (ಅನುಭವವಿಲ್ಲದವರು ಮುಚ್ಚಳ ತೆಗೆಯಬಾರದು, ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯಕರ ವೋಲ್ಟೇಜ್ ಉಳಿದಿರುತ್ತದೆ.) ಹೊರಗಿನ ಅಡಾಪ್ಟರ್‌ನಿಂದ ನಡೆಯುವ ಮಾದರಿಯಾದರೆ ಅದೃಷ್ಟ, ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರ್‌ನ, ಧನ ಋಣ ತುದಿಗಳು ಹೊಂದುವ ಬೇರೆ ಅಡಾಪ್ಟರ್ ಹಾಕಿದರೆ ಮುಗಿಯಿತು.

ಉತ್ತರ 4

ಚಿಕ್ಕ ಎರಡು ಸಂಗತಿ. ಹಲವು ಪೆಟ್ಟಿಗೆಗಳು ರೆಕಾರ್ಡುಗಳನ್ನು ತಮಗೆ ಮಾತ್ರ ತಿಳಿಯುವ ಗೂಢಲಿಪಿಯಲ್ಲಿ ಬರೆಯುತ್ತವೆ. ಡಿಸ್ಕನ್ನು ಬಿಚ್ಚಿ ಕಂಪ್ಯೂಟರಿಗೆ ಹಾಕಿದರೆ ಏನೂ ಓದಲಾಗದು. ಪೆಟ್ಟಿಗೆ ಸತ್ತರೆ ರೆಕಾರ್ಡುಗಳೂ ಅದರೊಡನೆ ಹೋಗುತ್ತವೆ, ಕಾಪಾಡಿಡಬೇಕಾದದ್ದನ್ನು ಅದರಲ್ಲಿ ಇಡಬೇಡಿ. ಮತ್ತೆ, ಮೂಲ ರಿಮೋಟ್ ಇಲ್ಲದ ಪೆಟ್ಟಿಗೆಯನ್ನು ಚೌಕಾಸಿ ಮಾಡಿಯೂ ತರಬೇಡಿ ಎನ್ನುವುದು ನನ್ನ ಹಠ, ಏಕೆಂದರೆ ಎಲ್ಲಕ್ಕೂ ಹೊಂದುತ್ತದೆ ಎಂದು ಮಾರುವ ರಿಮೋಟ್‌ಗಳಲ್ಲಿ ರೆಕಾರ್ಡ್ ಪಟ್ಟಿ ತೆರೆಯುವ ಗುಂಡಿಯೇ ಕೆಲಸ ಮಾಡದಿರುವುದನ್ನು ಎರಡು ಸಲ ಕಂಡಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಕಾರ್ಡ್ ತೆಗೆದು ಆನ್ ಮಾಡಿ ತೋರಿಸಿ ಎಂದು ಕೇಳಿದೊಡನೆ ಮೊದಲ ಪೆಟ್ಟಿಗೆಯವರು ಮಾತು ಬದಲಿಸಿದರು, ಅದನ್ನು ಕೈಬಿಟ್ಟೆ. ಡಿಶ್ ಪೆಟ್ಟಿಗೆ ಚೆನ್ನಾಗಿದೆ, ಆದರೆ ನಮ್ಮ ಮನೆಗೆ ಇಳಿದಿರುವುದು ಒಂದೇ ಕೇಬಲ್. ಆಂಟೆನಾ ಪೆಟ್ಟಿಗೆಯನ್ನು ಇಪ್ಪತ್ತು ನಿಮಿಷ ಪರೀಕ್ಷಿಸಿದೆ: ಎರಡು ರೆಕಾರ್ಡೂ ಒಡೆಯದೆ ಬಂದವು, ಮೂಲ ರಿಮೋಟ್ ಇದೆ, ಅಡಾಪ್ಟರ್ ಹೊರಗಿನದು. ಫ್ಯಾನ್ ಮಾತ್ರ ಸ್ವಲ್ಪ ಕರಕರ ಎನ್ನುತ್ತದೆ. ಅದನ್ನೇ ನೆಪ ಮಾಡಿ ಬೆಲೆ ಇಳಿಸಿ ನಾಳೆ ತರುತ್ತಿದ್ದೇನೆ.